ತಾತನ ರಕ್ತ, ಅತ್ತೆಯ ಪಾಠ

ನಮ್ಮ ಸೋದರತ್ತೆಯ ಮೂಗಿನ ಮುಂದೆ ಪೊಲೀಸ್ ನಾಯಿಯೂ ಬಾಲ ಮುದುರಿಕೊಳ್ಳಬೇಕು! ತೊಂಬತ್ತರ ದಶಕದಲ್ಲಿ, ಹಲಸೂರಿನ ನಮ್ಮ ಮನೆಗೆ ನಾನು, ನನ್ನ ತಮ್ಮ ಸ್ಕೂಲಿನಿಂದ ಬಂದರೆ, ಒಳಗೆ ಕಾಲಿಡುವ ಮೊದಲು ಅವರ ಮುಂದೆ "ಹಾ" ಎಂದು ಬಾಯಿ ತೆರೆಯಬೇಕಿತ್ತು. ತಾತ ಕುಡಿದು ಕುಡಿದೇ ಹಾಳಾದವರು. ಆ ರಕ್ತ ನಮ್ಮಿಬ್ಬರಲ್ಲಿ ಯಾರ ಮೈಯಲ್ಲಿ ಎದ್ದು ಕೂರುತ್ತದೋ ಎಂಬ ಭಯ ಅತ್ತೆಗೆ.

ಒಮ್ಮೆ ಪಕ್ಕದ ಮನೆಯವರು ಕ್ರಿಸ್‌ಮಸ್‌ಗೆ ಪ್ಲಮ್ ಕೇಕ್ ಕಳಿಸಿದರು. ಅತ್ತೆ ಮೂಸಿದರು. ರಮ್! ಹಾಗಂತ ಹಬ್ಬದ ತಿಂಡಿ ಎಸೆಯಲಾದೀತೇ? ಅಕ್ಕಿ ತೊಳೆದಂತೆ ಮೂರು ನೀರಿನಲ್ಲಿ ತೊಳೆದರು. ಆಮೇಲೆ ನಾವು ತಿಂದದ್ದು ಕೇಕೋ ಅಂಬಲಿಯೋ, ಇವತ್ತಿಗೂ ತೀರ್ಮಾನವಾಗಿಲ್ಲ.

ಅಷ್ಟಕ್ಕೇ ಬಿಟ್ಟರೇ? ನಮಗೆ ಮೀಸೆ ಚಿಗುರಿದ್ದೇ ತಡ, ಪ್ರತಿ ಭಾನುವಾರ ಸಾರಾಯಿ ಅಂಗಡಿಯ ಎದುರು ಕರೆದುಕೊಂಡು ಹೋಗಿ ನಿಲ್ಲಿಸತೊಡಗಿದರು. "ನೋಡ್ಕೊಳ್ರೋ, ಕುಡಿದ್ರೆ ಹಿಂಗೇ ಮೋರೀಲಿ ಬಿದ್ದಿರ್ಬೇಕು!" ನಾನು ಕೆಮ್ಮಿನ ಔಷಧಿ ಮುಟ್ಟಲೂ ಹೆದರುವಂತಾದೆ. ತಮ್ಮ? ತಿಂಗಳೊಳಗೆ ಅಲ್ಲಿದ್ದವರೆಲ್ಲ ಅವನನ್ನು ತಮಿಳಿನಲ್ಲಿ "ವಾ ತಂಬಿ, ವಾ!" ಎಂದು ಸ್ವಾಗತಿಸತೊಡಗಿದರು!

ಅತ್ತೆಗೆ ದಿಕ್ಕೇ ತೋಚಲಿಲ್ಲ. "ಒಂದೇ ಹಿಟ್ಟು, ಒಂದೇ ಕಾವಲಿ. ಒಂದು ದೋಸೆ ಏಳತ್ತೆ, ಇನ್ನೊಂದು ಹಿಡ್ಕೊಳತ್ತೆ. ಯಾಕ್ರೋ?"

"ಉರಿ ಜಾಸ್ತಿ ಆಯ್ತೇನೋ ಅತ್ತೆ," ಎಂದ ತಮ್ಮ.

ತಪ್ಪು ರಕ್ತದ್ದೋ ಬೀದಿಯದ್ದೋ? ರಕ್ತ ಬದಲಾಯಿಸಲು ಬರುವುದಿಲ್ಲ, ಬೀದಿ ಬದಲಾಯಿಸಬಹುದಲ್ಲ! ಅಪ್ಪನನ್ನು ಪೀಡಿಸಿ ಮನೆಯನ್ನು ಸಿ.ವಿ. ರಾಮನ್ ನಗರಕ್ಕೆ ಸಾಗಿಸಿದರು.

ಏನು ಪ್ರಯೋಜನ? ಕಾಲೇಜು ಸೇರಿದ ತಮ್ಮ ಒಂದು ಸಂಜೆ ತೂರಾಡುತ್ತಲೇ ಬಂದ. ಇವತ್ತು ಅತ್ತೆಯ ಕೂಗಿಗೆ ಮನೆಯ ಸೂರೇ ಹಾರಿಹೋಗುತ್ತದೆ ಎಂದು ನಾನು ಮೂಲೆ ಸೇರಿದೆ. ಅತ್ತೆ ಬಯ್ಯಲೇ ಇಲ್ಲ. ಅನ್ನ ಸಾರು ಕಲಸಿ, ಅವನ ಪಕ್ಕ ಕುಳಿತು ತುತ್ತು ಕೊಡತೊಡಗಿದರು.

"ಬಯ್ಯಲ್ವಾ ಅತ್ತೆ?" ಅವನೇ ಕೇಳಿದ.

"ನಮ್ಮಪ್ಪಂಗೆ ಬೈದು ಬೈದು ಸಾಕಾಗಿತ್ತು. ಕೊನೇ ಸಲ ಕುಡಿದು ಬಂದಾಗ, ಬಾಗಿಲು ತೆಗೀಬೇಡಿ ಅಂದೋಳು ನಾನೇ ಕಣೋ. ಆಮೇಲೆ ಅವ್ರು ಬರ್ಲೇ ಇಲ್ಲ."

ತಮ್ಮ ಅವರ ಮಡಿಲಲ್ಲಿ ಮುಖವಿಟ್ಟು ಅತ್ತುಬಿಟ್ಟ. ಮತ್ತೆಂದೂ ಅವನು ಕುಡಿದದ್ದನ್ನು ನಾನು ನೋಡಿಲ್ಲ. ನಾನು ಬಗ್ಗಿದ್ದು ಹೆದರಿಕೆಗೆ, ಅವನು ಬಗ್ಗಿದ್ದು ಒಂದು ತುತ್ತಿಗೆ. ಯಾಕೆ ಎಂದು ನನಗಂತೂ ಇನ್ನೂ ತಿಳಿದಿಲ್ಲ. ಅತ್ತೆ ಅವತ್ತು ಅವನ ತಲೆ ಸವರುತ್ತ ಹೇಳಿದ್ದು ಮಾತ್ರ ನೆನಪಿದೆ.

"ಹೆಂಗ್ ಬಂದ್ರೂ ಸರಿ ಕಣೋ. ಮನೆಗೇ ಬಾ."