ಕ್ಲಿಫರ್ಡನ ರೂಬಾರ್ಬ್

ಮನೆ ನೋಡಲು ಜನ ಬರುವ ದಿನವೇ ಕ್ಲಿಫರ್ಡನ ಹಿತ್ತಲಲ್ಲಿ ಜಪಾನಿ ಕಳೆ ತಲೆಯೆತ್ತಿತು. ಲೀಡ್ಸ್ ಊರಿನಲ್ಲಿ ದೆವ್ವ ಹೊಕ್ಕ ಮನೆಗೂ ಗಿರಾಕಿ ಸಿಕ್ಕಾರು, ಈ ಕಳೆ ಹೊಕ್ಕ ಮನೆಗೆ ಸಿಗುವುದಿಲ್ಲ. ಬೇರಿನ ಚೂರು ಮಣ್ಣಲ್ಲಿ ಬಿದ್ದರೂ ಸಾಕು, ಮತ್ತೆ ಹಬ್ಬಿ ಗೋಡೆ ಸೀಳುವ ಜಾತಿ; ಮನೆಸಾಲ ಕೊಡುವ ಬ್ಯಾಂಕಿನವರು ಅದರ ಹೆಸರು ಕೇಳಿದರೇ ಬಾಗಿಲು ಹಾಕಿಕೊಳ್ಳುತ್ತಾರೆ. ಹೆಂಡತಿ ಬ್ರೆಂಡಾಳಿಗೆ ಮಂಡಿನೋವು. ಕಡಿದಾದ ಮೆಟ್ಟಿಲು ಹತ್ತಲಾರದೆ ಚಳಿಗಾಲವಿಡೀ ಕೆಳಗೆ ಸೋಫಾದ ಮೇಲೇ ಮಲಗಿದ್ದಳು. ಈ ಮನೆ ಮಾರಿಹೋದರೆ ಕಡಲತೀರದಲ್ಲಿ ಮೆಟ್ಟಿಲಿಲ್ಲದ ಪುಟ್ಟ ಮನೆ. ಆಗಲೇ ಇಬ್ಬರು ಗಿರಾಕಿಗಳು ಬಂದು ಕೈಕೊಟ್ಟಿದ್ದರು. ಕ್ಲಿಫರ್ಡನಿಗೆ ಸಾಕುಸಾಕಾಗಿತ್ತು.

ನಿಟ್ಟುಸಿರಿಟ್ಟು ಗುದ್ದಲಿ ಹಿಡಿದ. ಬೇರು ಹನುಮಂತನ ಬಾಲದಂತೆ ಎಳೆದಷ್ಟೂ ಬಂತು.

ಗೋಡೆಯಾಚೆ ಪಕ್ಕದ ಮನೆಯ ಮುದುಕಿ ಎಡ್ನಾಳ ತಲೆ ಮೂಡಿತು. ಕಣ್ಣಿಗೆ ಪೊರೆ ಬಂದಿದ್ದರೂ ಪರರ ಹಿತ್ತಲು ಮಾತ್ರ ಆಕೆಗೆ ಕಾಣುತ್ತಿತ್ತು.

“ಏನೋ ಕ್ಲಿಫರ್ಡ್, ಏನ್ ಅಗೀತಿದ್ದೀಯಾ?”

“ರೂಬಾರ್ಬು, ಎಡ್ನಾ. ಹಳೇದಾಯ್ತು, ಕಿತ್ತಾಕ್ತಿದ್ದೀನಿ.” ಬಾಯಿಗೆ ಬಂದದ್ದನ್ನು ಹೇಳಿದ. ರೂಬಾರ್ಬೆಂದರೆ ದಂಟಿಗೆ ಸಕ್ಕರೆ ಬೆರೆಸಿ ಬೇಯಿಸಿ ತಿನ್ನುವ ಹಿತ್ತಲ ಗಿಡ; ಅದರ ದಂಟೂ ಈ ಕಳೆಯ ದಂಟೂ ಹುಳಿ, ಎರಡಕ್ಕೂ ಕೆಂಪು ಛಾಯೆ.

“ಚಿಗುರೋ ಕಾಲದಲ್ಲಾ? ಮನಸ್ಸಾದ್ರೂ ಹೇಗ್ ಬಂತಪ್ಪ ನಿಂಗೆ! ದಂಟಲ್ಲಿ ಬ್ರೆಂಡಾ ಸಿಹಿ ಕ್ರಂಬಲ್ ಬೇಯಿಸ್ಲಿ, ಮೇಲೆ ಹಿಟ್ಟು-ಬೆಣ್ಣೆ ಉದುರಿಸಿ. ಮಧ್ಯಾಹ್ನ ನಾನೂ ಬರ್ತೀನಿ.”

ಬರುತ್ತೇನೆಂದರೆ ಎಡ್ನಾ ಬಂದೇ ಬರುವವಳು. ಬೇರುಗಳನ್ನು ಚೀಲಕ್ಕೆ ತುರುಕಿ ಶೆಡ್ಡಿನ ಹಿಂದೆ ಅಡಗಿಸಿ, ದಂಟು ಹೊತ್ತು ಅವನು ಅಡುಗೆಮನೆಗೆ ಬಂದ.

“ಇದನ್ನ ತಿನ್ನೋದಾ?” ಎಂದಳು ಬ್ರೆಂಡಾ.

“ತಿಂದೋರಿದ್ದಾರಂತೆ.”

“ಹಾಗಾದ್ರೆ ಮೊದ್ಲು ನೀನ್ ತಿನ್ನು. ಬದುಕಿದ್ರೆ ಬಡಿಸ್ತೀನಿ.”

ಬದುಕಿದ. ಮಧ್ಯಾಹ್ನ ಮನೆ ನೋಡಲು ನಾದಿಯಾ ಎಂಬಾಕೆ ಗಂಡನೊಂದಿಗೆ ಬಂದಳು. ಒಲೆಯ ಘಮಕ್ಕೆ ಸೋತು ಇಬ್ಬರೂ ಕೂತೇಬಿಟ್ಟರು. ಎಡ್ನಾ ಆಗಲೇ ಬಟ್ಟಲು ಹಿಡಿದು ಕೂತಿದ್ದಳು.

“ಮನೆ ನಮಗೆ ಒಪ್ಪಿಗೆ,” ಎಂದ ಗಂಡ. “ಮುಂದಿನ ತಿಂಗಳು ಬ್ಯಾಂಕಿನ ಕಡೆಯೋರು ಮನೆ, ಹಿತ್ತಲು ನೋಡ್ಕೊಂಡು ಹೋದ್ರೆ ಮುಗೀತು.”

ಬ್ರೆಂಡಾಳ ಕಣ್ಣು ತುಂಬಿ ಬಂತು. ಕ್ಲಿಫರ್ಡನಿಗೆ ಎಷ್ಟೋ ತಿಂಗಳ ಮೇಲೆ ಎದೆ ತುಂಬಾ ಉಸಿರಾಡಿದಂತಾಯಿತು.

“ಈ ರೂಬಾರ್ಬ್ ಗಿಡ ನಮಗೂ ಇದ್ದಿದ್ರೆ!” ಎಂದಳು ನಾದಿಯಾ, ಬಟ್ಟಲು ಕೆರೆಯುತ್ತ.

“ಮುಗಿದೋಯ್ತಮ್ಮ. ಬೇರುಸಹಿತ ಕಿತ್ತೆ,” ಎಂದ ಕ್ಲಿಫರ್ಡ್.

“ಮುಗಿಯೋಕೆ ಬಿಡ್ತೀನಾ?” ಎಡ್ನಾ ಎದೆಯುಬ್ಬಿಸಿದಳು. “ನಮ್ಮ ಬೀದೀಲಿ ರೂಬಾರ್ಬ್ ಬೇರು ಎಸೆದೋರೇ ಇಲ್ಲ. ಗೋಡೆಯಿಂದ ಗೋಡೆಗೆ ದಾಟಿಸ್ಕೊಂಡೇ ಬೆಳೆಸಿದ್ದೀವಿ. ಇವ್ರು ಒಳಗೆ ಅಡುಗೆ ಮಾಡ್ತಿದ್ದಾಗ ಶೆಡ್ಡಿನ ಹಿಂದೆ ಬೇರಿನ ಚೀಲ ಸಿಕ್ತು. ತುಂಡು ಮಾಡಿ ಮನೆಮನೆಗೂ ಹಂಚ್ದೆ. ಮಿಕ್ಕಿದ್ದನ್ನ ಈ ಹಿತ್ತಲ ಗೋಡೆಯುದ್ದಕ್ಕೂ ನೆಟ್ಟಿದ್ದೀನಿ ಕಣಮ್ಮ, ಗೊಬ್ಬರ ಹಾಕಿ.”

ಬ್ರೆಂಡಾ ಚಮಚ ಕೆಳಗಿಟ್ಟು, ಮೆಟ್ಟಿಲಿನತ್ತ ನೋಡಿದಳು.

“ಎಂಥಾ ನೆರೆಹೊರೆ!” ನಾದಿಯಾ ಹಿಗ್ಗಿದಳು. “ಬ್ಯಾಂಕಿನೋರು ಬರೋ ಹೊತ್ತಿಗೆ ಚಿಗುರಿರತ್ತಾ?”

“ಚಿಗುರೋದೇನು, ಆಳೆತ್ತರ ಆಗಿರತ್ತೆ,” ಎಂದ ಕ್ಲಿಫರ್ಡ್. ಗಿಡದ ವಿಷಯದಲ್ಲಿ ಆ ಮನೆಗೆ ಬಂದವರಿಗೆ ಅವನು ಹೇಳಿದ ಮೊದಲ ನಿಜ ಅದು.