ಗಿಟಾರಿನ ಹೊಟ್ಟೆಗೆ ಕೈ ಹಾಕಿದ ಅಪ್ಪ

"ಹದಿನಾಲ್ಕು ಮಹಡಿ ಲಿಫ್ಟನ್ನೇ ಬೆರಳ ತುದಿಯಲ್ಲಿ ಆಡಿಸೋನು ನಾನು. ಈ ಗಿಟಾರ್ ಯಾವ ಲೆಕ್ಕ ಕಣೇ?" ಎಂದು ಲಿಫ್ಟ್ ಮೆಕ್ಯಾನಿಕ್ ಮಹಾಶಯರು ಘೋಷಿಸಿದಾಗ ಹೆಂಡತಿಯ ಎದೆ ಧಸಕ್ಕೆಂದಿತು.

"ರೀ, ಸಂಜೆ ಮಗಳ ಮೊದಲ ಕಾರ್ಯಕ್ರಮ. ಇವತ್ತು ಎಡವಟ್ಟಾದ್ರೆ ತಂಡದಲ್ಲಿ ಅವಳ ಜಾಗಕ್ಕೆ ಬೇರೆಯವರು ಬರ್ತಾರೆ. ಅದನ್ನ ಮುಟ್ಬೇಡಿ!"

ಬೇಡ ಎಂದರೆ ಬಿಡುವ ಆಸಾಮಿಯೇ? ಸದ್ದಿನ ಗುಂಡಿ ತಿರುಗಿಸಿದರೆ ಕರಕರ ಎನ್ನುತ್ತದೆ ಎಂದು ಮಗಳು ಗೊಣಗಿದ್ದೇ ತಡ, ಹೊಸ ಗುಂಡಿಗಳೂ ತಂತಿಯ ಅದುರನ್ನು ಹಿಡಿಯುವ ಹೊಸ ಪಿಕಪ್ಪುಗಳೂ ಗುಟ್ಟಾಗಿ ಮನೆ ಸೇರಿದ್ದವು. ಅವಳು ಕಾಲೇಜಿಗೆ ಹೋದದ್ದೇ ಶಸ್ತ್ರಚಿಕಿತ್ಸೆ ಶುರು! ಹಳೆಯದೆಲ್ಲ ಹೊರಗೆ, ಹೊಸದೆಲ್ಲ ಒಳಗೆ. ಬೆಸುಗೆಯ ಹೊಗೆಗೆ ಕಣ್ಣಲ್ಲಿ ನೀರು, ಮುಖದಲ್ಲಿ ಮಂದಹಾಸ.

ಆಗ ಕಂಡಿತು ಆ ವೈರು. ಒಳಗಿನಿಂದ ಹೊರಟು ನೇರವಾಗಿ ಗಿಟಾರಿನ ತಂತಿಗಳನ್ನು ಬಿಗಿದ ಲೋಹದ ಪಟ್ಟಿಗೆ ಹೋಗಿತ್ತು. ಮೆಕ್ಯಾನಿಕ್‌ಗೆ ಬೆವರು ಕಿತ್ತುಕೊಂಡು ಬಂತು.

"ಅಯ್ಯಯ್ಯೋ! ಮಗು ಕೈಯಿಡೋ ತಂತಿಗೇ ವೈರ್ ಕೊಟ್ಟಿದ್ದಾನಲ್ಲ, ಕೊಲೆಗಡುಕ!"

ಕಟಕ್! ಕತ್ತರಿಸಿ, ಕಪ್ಪು ಟೇಪು ಸುತ್ತಿಯೂ ಆಯಿತು. ಪುಟ್ಟ ಸ್ಪೀಕರಿಗೆ ಹಚ್ಚಿದಾಗ ಸಣ್ಣಗೆ ಗುಂಯ್ ಎಂದಿತು. ಫ್ರಿಜ್ಜಿನ ಸದ್ದಿರಬೇಕು ಎಂದುಕೊಂಡರು. ಅಷ್ಟರಲ್ಲಿ ಮಗಳು ಬಂದು ಗಿಟಾರ್ ಕಸಿದುಕೊಂಡು ಓಡಿದಳು.

ಸಭಾಂಗಣ ತುಂಬಿತ್ತು. ಮುಚ್ಚಿದ ಪರದೆಯ ಹಿಂದೆ ಮಗಳು ವೇದಿಕೆಯ ದೊಡ್ಡ ಸ್ಪೀಕರಿಗೆ ಗಿಟಾರಿನ ಪ್ಲಗ್ ಚುಚ್ಚಿದ್ದೇ ತಡ, ಗುಂಯ್ಯ್ಯ್! ಜನ ಕಿವಿ ಮುಚ್ಚಿಕೊಂಡರು. ಡ್ರಮ್ಸ್‌ನವನು ಮುಖ ಸಿಂಡರಿಸಿದ. ಮಗಳು ಪ್ಲಗ್ಗನ್ನು ಒತ್ತಿ ನೋಡಿದಳು. ಅವಳ ಬೆರಳು ಪ್ಲಗ್ಗಿನ ಲೋಹಕ್ಕೆ ತಗುಲಿದರೆ ಸದ್ದು ಮಾಯ, ಬಿಟ್ಟರೆ ಮತ್ತೆ ಗುಂಯ್!

ಅಪ್ಪ, ಅಮ್ಮ ಇಬ್ಬರೂ ಪರದೆಯ ಪಕ್ಕಕ್ಕೆ ಓಡಿ ಬಂದರು.

"ಅಪ್ಪಾ, ಒಳಗೆ ಏನಾದ್ರೂ ಕಿತ್ತಿದ್ದೀಯಾ?"

"ಒಂದೇ ಒಂದು ವೈರು ಮಗಳೇ... ನಿನಗೆ ಶಾಕ್ ಹೊಡೀಬಾರದು ಅಂತ."

"ಅದು ಅರ್ತ್ ವೈರು! ಈ ಸದ್ದು ಬರಬಾರದು ಅಂತಾನೇ ಹಾಕಿರೋದು!" ಅವಳ ಕಣ್ಣು ತುಂಬಿ ಬಂತು. "ಈಗ ನನ್ನ ಮೈ ಪ್ಲಗ್ಗಿಗೆ ತಗುಲಿದ್ರೆ ಮಾತ್ರ ಸದ್ದು ನಿಲ್ಲುತ್ತೆ. ಪ್ಲಗ್ ಹಿಡ್ಕೊಂಡ್ರೆ ನುಡಿಸೋದು ಹೇಗೆ?"

ಬೆಸುಗೆ ಸಾಮಾನೆಲ್ಲ ಮನೆಯಲ್ಲಿ. ಮಗಳ ಕನಸಿಗೆ ತಾನೇ ಕತ್ತರಿ ಹಾಕಿದೆನಲ್ಲ ಎಂದು ಅಪ್ಪ ಹಣೆ ಚಚ್ಚಿಕೊಂಡರು.

ಹೆಂಡತಿ ಸೆರಗು ಸಿಕ್ಕಿಸಿದಳು. "ನಿಮ್ಮೆರಡು ಕೈ ಖಾಲಿ ಇವೆಯಲ್ಲ? ಒಂದರಲ್ಲಿ ಪ್ಲಗ್ ಹಿಡೀರಿ, ಇನ್ನೊಂದರಲ್ಲಿ ಅವಳ ಕಾಲು ಹಿಡೀರಿ!"

"ಮಗಳ ಕಾಲು ಹಿಡಿಯೋದಾ?"

"ಮತ್ತೆ? ಅವಳ ಕೈಗೆ ಕೆಲಸ ಇದೆ!"

ಪರದೆ ಸರಿಯಿತು. ಮಗಳ ಬೆನ್ನ ಹಿಂದೆ ಮಂಡಿಯೂರಿ, ಒಂದು ಕೈಯಲ್ಲಿ ಪ್ಲಗ್, ಇನ್ನೊಂದರಲ್ಲಿ ಅವಳ ಕಣಕಾಲು ಹಿಡಿದು ಮೆಕ್ಯಾನಿಕ್ ಉಸಿರು ಬಿಗಿಹಿಡಿದರು. ಸದ್ದಿಲ್ಲ! ಮಗಳು ನುಡಿಸಿದಳು. ಏನು ನುಡಿಸಿದಳು ಅಂತೀರಿ! ಅಪ್ಪನಿಗೋ ಮೂಗು ತುರಿಸಿದರೂ ಕೆರೆದುಕೊಳ್ಳುವಂತಿಲ್ಲ, ಮಂಡಿ ಜುಮ್ಮೆಂದರೂ ಅಲ್ಲಾಡುವಂತಿಲ್ಲ. ಆದರೂ ಅವರ ಕಣ್ಣಲ್ಲಿ ಆನಂದಬಾಷ್ಪ.

ಕೊನೆಯ ಹಾಡಿಗೆ ಮುಂಚೆ, ಇದನ್ನೆಲ್ಲ ಪಕ್ಕದಲ್ಲೇ ನಿಂತು ನೋಡಿದ್ದ ನಿರೂಪಕ ಮೈಕು ಹಿಡಿದ. "ಗಿಟಾರ್, ನಮ್ಮ ಹೊಸ ಹುಡುಗಿ! ಅರ್ತಿಂಗ್, ಅವಳ ತಂದೆ!"

ಸಭಾಂಗಣವೇ ಚಪ್ಪಾಳೆ ತಟ್ಟಿತು. ಮೆಕ್ಯಾನಿಕ್‌ರ ಎದೆ ಉಬ್ಬಿತು. ದಿಗ್ಗನೆದ್ದು ಜನರಿಗೆ ಎರಡೂ ಕೈ ಜೋಡಿಸಿದರು.

ಗುಂಯ್ಯ್ಯ್ಯ್!

"ರೀ, ಕೂತ್ಕೊಳ್ರೀ!" ಪರದೆಯ ಪಕ್ಕದಿಂದ ಹೆಂಡತಿ ಗದರಿದಳು. "ನೀವೀಗ ಬರೀ ವೈರು!"