ಉಳಿದ ದುಡ್ಡಿಗೊಂದು ರಸೀದಿ

ಜಿಲ್ಲಾ ಪಂಚಾಯತಿ ಚುನಾವಣೆ ಮುಗಿದು, ಎಣಿಕೆಯಾಗಿ, ಗೆದ್ದವರು ಹಾರ ಹಾಕಿಸಿಕೊಂಡು ಸೋತವರು ಮುಸುಕೆಳೆದುಕೊಂಡ ಮೇಲೆ, ಅರಳುಕುಂಟೆಯ ವೆಂಕಟರಾಮಪ್ಪನ ಬಳಿ ಎರಡು ಸಾವಿರದ ಮುನ್ನೂರೈವತ್ತು ರೂಪಾಯಿ ಉಳಿದುಬಿಟ್ಟಿತು. ಅದೇ ಅವನ ಗ್ರಹಚಾರ. ಚುನಾವಣೆಯಲ್ಲಿ ದುಡ್ಡು ಸಾಲದೆ ಬರುವುದುಂಟು, ಕಾಣೆಯಾಗುವುದುಂಟು. ಉಳಿಯುವುದನ್ನು ಕುಂದಾಣ ಹೋಬಳಿಯಲ್ಲಿ ಯಾರೂ ಕಂಡವರಲ್ಲ.

ತಪ್ಪು ಅವನ ಕಸುಬಿನದು. ಹನ್ನೊಂದು ವರ್ಷದಿಂದ ಅವನು ಊರ ಹಾಲಿನ ಡೇರಿಯ ಕಾರ್ಯದರ್ಶಿ. ಅಭ್ಯರ್ಥಿ ಆದಿನಾರಾಯಣಪ್ಪನವರು ಊರಿನ ಖರ್ಚಿಗೆಂದು ಒಂಬತ್ತು ಸಾವಿರ ಕೈಗಿಟ್ಟಾಗ, ಡೇರಿಗೆ ಹಿಂಡಿ ಬೂಸಾ ತರಿಸಿದ ಹಾಗೆಯೇ ಚುನಾವಣೆಯನ್ನೂ ನಡೆಸಿದ. ಕೋಳಿಯನ್ನು ಸಗಟಿನಲ್ಲಿ ತಂದ. ತಲೆ ಎಣಿಸಿ ತುಂಡು ಬಡಿಸಿದ. ಪ್ರಚಾರದ ಆಟೋ ಸುಮ್ಮನೆ ನಿಂತಿದ್ದ ಹೊತ್ತಿನ ಬಾಡಿಗೆ ಹಿಡಿದುಕೊಂಡ. ಮಿಕ್ಕ ಬ್ಯಾನರ್ ಬಟ್ಟೆಯನ್ನು ಅಂಗಡಿಗೆ ಹಿಂತಿರುಗಿಸಿದ. ಆದಿನಾರಾಯಣಪ್ಪನವರು ಗೆದ್ದರು ನಿಜ. ಆದರೆ ಎಲೆಗೆ ಇನ್ನೊಂದು ತುಂಡು ಬೀಳಲಿಲ್ಲವೆಂಬ ಸಿಟ್ಟು ಊರಿನವರಿಗೆ ಆರಿರಲಿಲ್ಲ.

"ಇಟ್ಕೊಂಡ್ರೆ ಬಾಯ್ ಮುಚ್ಕೊಂಡು ಇಟ್ಕೊ. ಕೊಟ್ರೆ ಬಾಯ್ ಮುಚ್ಕೊಂಡು ಕೊಡು," ಎಂದು ಹೆಂಡತಿ ಮುತ್ಯಾಲಮ್ಮ ಬುದ್ಧಿ ಹೇಳಿದ್ದಳು. ಒಳ್ಳೆಯವನೆನಿಸಿಕೊಳ್ಳುವ ಚಪಲ ಬಿಡಬೇಕಲ್ಲ. ಬೆಳಿಗ್ಗೆ ಡೇರಿಯಲ್ಲಿ ಹಾಲು ಅಳೆಯುತ್ತ, ಹಣ ಉಳಿದಿದೆಯೆಂದು ಹೇಳಿಯೇಬಿಟ್ಟ.

ಸಾಲಿನಲ್ಲಿ ಗಂಗಣ್ಣ ನಿಂತಿದ್ದ. ಅವನು ಡೇರಿಯ ನಿರ್ದೇಶಕ. ತನ್ನ ಅಳಿಯನನ್ನು ಕಾರ್ಯದರ್ಶಿ ಮಾಡಬೇಕೆಂದು ಮೂರು ವರ್ಷದಿಂದ ಹೊಂಚು ಹಾಕುತ್ತಿದ್ದವನು.

"ಎರಡು ಸಾವಿರ ಉಳೀತು ಅಂತ ತಾನೇ ಹೇಳ್ತಾವ್ನೆ ಅಂದ್ರೆ, ಎಷ್ಟು ನುಂಗಿರ್ಬೇಕು ನೀವೇ ಲೆಕ್ಕ ಹಾಕ್ಕೊಳ್ಳಿ," ಎಂದ.

"ಒಂದು ರೂಪಾಯಿ ಮುಟ್ಟಿಲ್ಲ ಕಣಣ್ಣ. ಇವತ್ತೇ ಹೋಗಿ ವಾಪಸ್ ಕೊಟ್ಬರ್ತೀನಿ."

"ಕೊಟ್ಟೆ ಅಂತ ಬಾಯಲ್ಲಿ ಹೇಳಿದ್ರೆ ಆಯ್ತಾ? ರಸೀದಿ ತಗೊಂಬಾ. ನಾಳೆ ಡೇರಿ ಸಭೆ ಐತೆ. ದುಡ್ಡು ತಿನ್ನೋನ ಕೈಲಿ ಡೇರಿ ಬೀಗದ ಕೈ ಇರ್ಬೇಕಾ ಬೇಡ್ವಾ ಅಂತ ಅಲ್ಲೇ ತೀರ್ಮಾನ ಆಗ್ಲಿ."

ಸಾಲಿನಲ್ಲಿದ್ದವರೆಲ್ಲ ತಲೆಯಾಡಿಸಿದರು. ವೆಂಕಟರಾಮಪ್ಪನಿಗೆ ಇರುವುದು ಮುಕ್ಕಾಲು ಎಕರೆ ಬೆದ್ದಲು, ತಿಂಗಳಿಗೆ ಆರುನೂರು ರೂಪಾಯಿ ಸಂಬಳ. ಆ ಬೀಗದ ಕೈ ಹೋದರೆ ಸಂಬಳವೂ ಹೋಯಿತು, ಹನ್ನೊಂದು ವರ್ಷದ ಮಾನವೂ ಹೋಯಿತು. ಹತ್ತು ಗಂಟೆಯ ಬಸ್ಸಿಗೆ, ಆದಿನಾರಾಯಣಪ್ಪನವರ ಮನೆಯಿರುವ ದೇವನಹಳ್ಳಿಗೆ ಹೊರಟ.

ಬಸ್ಸಿನಲ್ಲಿ ಅಂಬರೀಶ್ ಸಿಕ್ಕಿದ. ಪಕ್ಕದ ಊರಿನಲ್ಲಿ ಇದೇ ಅಭ್ಯರ್ಥಿಯ ಖರ್ಚುವೆಚ್ಚ ನೋಡಿಕೊಂಡವನು. ವಿಷಯ ಕೇಳಿ ಅವನ ಮುಖ ಹುಳ್ಳಗಾಯಿತು.

"ತಲೆ ನೆಟ್ಟಗೈತಾ ಗುರು ನಿಂಗೆ? ನೀನು ವಾಪಸ್ ಕೊಟ್ರೆ ನಾಳೆ ನನ್ನೂ ಕೇಳ್ತಾರೆ."

"ನಿನ್ ಹತ್ರಾನೂ ಉಳ್ದಿದ್ರೆ ಕೊಟ್ಬಿಡು."

"ಉಳ್ದಿದ್ದನ್ನ ಅಡಿಗೆಮನೆ ನೆಲಕ್ಕೆ ಹಾಕ್ಸಿಬಿಟ್ಟೆ ಕಣೋ. ರೆಡ್ ಆಕ್ಸೈಡು. ಕಿತ್ತು ತಂದ್ಕೊಡ್ಲಾ?"

ದೇವನಹಳ್ಳಿ ಬರುವತನಕ ಬೇಡಿಕೊಂಡ, ಊರು ಕಂಡ ಮೇಲೆ ಬೈದ. ಇಳಿಯುವಾಗ ತನ್ನ ಟಿಕೆಟ್ಟಿನ ದುಡ್ಡನ್ನೂ ವೆಂಕಟರಾಮಪ್ಪನ ತಲೆಗೇ ಕಟ್ಟಿ ಹೋದ.

ಆದಿನಾರಾಯಣಪ್ಪನವರು ಪಡಸಾಲೆಯಲ್ಲಿ ಅಭಿನಂದಿಸಲು ಬಂದವರ ನಡುವೆ ಕೂತಿದ್ದರು. ವೆಂಕಟರಾಮಪ್ಪ ಟವಲಿನ ಗಂಟು ಬಿಚ್ಚಿ ನೋಟುಗಳನ್ನು ಅವರ ಮುಂದಿಟ್ಟ.

"ಏನಪ್ಪಾ ಇದು?"

"ಚುನಾವಣೇಲಿ ಉಳಿದಿದ್ದು, ಸಾರ್."

ಅವರು ನೋಟುಗಳನ್ನು ನೋಡಿದರು, ಇವನ ಮುಖ ನೋಡಿದರು. ಇಪ್ಪತ್ತು ವರ್ಷದ ರಾಜಕೀಯದಲ್ಲಿ ಇಂಥದನ್ನು ಅವರು ಕಂಡಿರಲಿಲ್ಲ. ಕಾಣದ್ದನ್ನು ಕಂಡರೆ ರಾಜಕಾರಣಿಗೆ ಮೊದಲು ಬರುವುದು ಅನುಮಾನ.

"ಆ ಕಡೆಯೋರು ಎಷ್ಟು ಕೊಟ್ರು ನಿಂಗೆ?"

"ಅಯ್ಯೋ, ಯಾರೂ ಕೊಟ್ಟಿಲ್ಲ ಸಾರ್."

"ಮತ್ಯಾಕೆ ಖರ್ಚು ಮಾಡ್ಲಿಲ್ಲ? ನಿಮ್ಮೂರಲ್ಲಿ ನಲವತ್ತು ಓಟು ಕಮ್ಮಿ ಬಂದೈತೆ ನಂಗೆ. ಯಾಕೆ ಅಂತ ಈಗ ಗೊತ್ತಾಯ್ತು."

ಬೈದರೇ ಹೊರತು ದುಡ್ಡನ್ನು ಬೇಡವೆನ್ನಲಿಲ್ಲ. ಎಣಿಸಿ ಜೇಬಿಗೆ ಹಾಕಿಕೊಂಡರು. ವೆಂಕಟರಾಮಪ್ಪ ಕೈಕಟ್ಟಿಕೊಂಡು ನಿಂತೇ ಇದ್ದ.

"ಇನ್ನೇನು?"

"ಒಂದು ರಸೀದಿ, ಸಾರ್."

ಆದಿನಾರಾಯಣಪ್ಪನವರು ಅವನನ್ನು ಒಳಗಿನ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು.

"ಕೊಟ್ಟಾಗ ನಾನು ರಸೀದಿ ಕೇಳಿದ್ನಾ? ಇಡೀ ಕ್ಷೇತ್ರಕ್ಕೆ ಎಂಟು ಸಾವಿರ ಖರ್ಚು ಮಾಡ್ದೆ ಅಂತ ಸರ್ಕಾರಕ್ಕೆ ಲೆಕ್ಕ ಬರ್ಕೊಟ್ಟಿದೀನಿ. ನಿಮ್ಮೂರೊಂದಕ್ಕೇ ಒಂಬತ್ತು ಕೊಟ್ಟು ಉಳಿದಿದ್ದು ವಾಪಸ್ ಇಸ್ಕೊಂಡೆ ಅಂತ ಸೈನ್ ಹಾಕಿದ್ರೆ, ಗೆದ್ದಿದ್ದೂ ಹೋಗಿ ನಾಳೆಯಿಂದ ನಾನೂ ನಿಮ್ಮ ಡೇರಿಗೆ ಹಾಲು ಹಾಕ್ಕೊಂಡಿರ್ಬೇಕಾಗ್ತದೆ."

ಮಾತು ನ್ಯಾಯವಾದದ್ದೇ. ಆದರೆ ಗಂಗಣ್ಣನ ಮುಂದೆ ಈ ನ್ಯಾಯ ನಡೆಯುವುದಿಲ್ಲವಲ್ಲ. ವೆಂಕಟರಾಮಪ್ಪ ಹೋಗಿ ಪಡಸಾಲೆಯ ಕಂಬಕ್ಕೆ ಒರಗಿ ಕೂತುಬಿಟ್ಟ. ಬಂದುಹೋಗುವವರು ಯಾಕೆ ಕೂತಿದ್ದೀರೆಂದು ಕೇಳಿದರು. ಸುಳ್ಳು ಬಾರದ ಮನುಷ್ಯ, ಕೇಳಿದವರಿಗೆಲ್ಲ ಮೊದಲಿನಿಂದ ಹೇಳತೊಡಗಿದ. ಒಂಬತ್ತು ಸಾವಿರವೆಂಬ ಮಾತು ಮೂರನೆಯ ಸಲ ಕಿವಿಗೆ ಬಿದ್ದಾಗ ಆದಿನಾರಾಯಣಪ್ಪನವರು ಎದ್ದೇಬಿಟ್ಟರು. ಭಾಮೈದ ಉಮಾಶಂಕರನನ್ನು ಕರೆದರು.

"ಇವನಿಗೆ ಏನಾದ್ರೂ ಒಂದು ಬರ್ಕೊಟ್ಟು ಸಾಗ್ಹಾಕಪ್ಪ."

ಉಮಾಶಂಕರ ಪಕ್ಷದ ಕಾಗದಪತ್ರ ನೋಡಿಕೊಳ್ಳುವವನು. ಬೀರುವಿನಿಂದ ಅಚ್ಚಾದ ರಸೀದಿ ಪುಸ್ತಕ ತೆಗೆದ. ಹೆಸರು ಕೇಳಿದ, ಊರು ಕೇಳಿದ, ಕೆಲಸ ಏನೆಂದು ಕೇಳಿದ. ಬರೆದು, ಮೊಹರೊತ್ತಿ, ಹರಿದುಕೊಟ್ಟ. ಅಷ್ಟು ಹೊತ್ತಿಗೆ ಮೂರೂವರೆ. ಬಸ್ಸು ತಪ್ಪಿದರೆ ಸಂಜೆಯ ಹಾಲು ಅಳೆಯುವವರಿಲ್ಲ. ವೆಂಕಟರಾಮಪ್ಪ ಡೇರಿಯ ಅಭ್ಯಾಸದಂತೆ ಮೊತ್ತದ ಅಂಕಿ ನೋಡಿದ, ಮೊತ್ತದ ಅಕ್ಷರ ನೋಡಿದ, ಮೊಹರು ನೋಡಿದ. ಮೂರೂ ಸರಿಯಾಗಿದ್ದವು. ಮಡಿಚಿ ಜೇಬಿಗಿಟ್ಟುಕೊಂಡು ನಿಲ್ದಾಣಕ್ಕೆ ಓಡಿದ. ದಾರಿಯುದ್ದಕ್ಕೂ ನಿಂತುಕೊಂಡೇ ಬಂದರೂ ಆಯಾಸ ತಿಳಿಯಲಿಲ್ಲ.

ಸಂಜೆ ಡೇರಿಯ ಮುಂದೆ ಎಂದಿಗಿಂತ ಉದ್ದದ ಸಾಲಿತ್ತು. ಹಾಲಿಲ್ಲದವರೂ ಬಂದಿದ್ದರು. ವೆಂಕಟರಾಮಪ್ಪ ಎದೆಯುಬ್ಬಿಸಿ ರಸೀದಿಯನ್ನು ಗಂಗಣ್ಣನ ಕೈಗೇ ಕೊಟ್ಟ.

"ಎಲ್ರಿಗೂ ಕೇಳಂಗೆ ಓದಣ್ಣ."

ಗಂಗಣ್ಣ ಕನ್ನಡಕ ಏರಿಸಿಕೊಂಡು ಓದಿದ: "ಅರಳುಕುಂಟೆ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ ಶ್ರೀ ವೆಂಕಟರಾಮಪ್ಪನವರಿಂದ, ಪಕ್ಷದ ನಿಧಿಗೆ ದೇಣಿಗೆಯಾಗಿ, ರೂಪಾಯಿ ಎರಡು ಸಾವಿರದ ಮುನ್ನೂರೈವತ್ತು ಮಾತ್ರ ವಂದನೆಗಳೊಂದಿಗೆ ಸ್ವೀಕರಿಸಲಾಗಿದೆ."

ಗಂಗಣ್ಣ ಇನ್ನೊಂದು ಸಲ ಓದಿದ, ಈ ಸಲ ಹಿಂದಿನವರಿಗೂ ಕೇಳುವ ಹಾಗೆ.

"ದೇಣಿಗೆ ಅಲ್ಲ ಕಣಣ್ಣ ಅದು, ಉಳಿದ ದುಡ್ಡು," ಎಂದು ವೆಂಕಟರಾಮಪ್ಪ ತೊದಲಿದ.

"ಉಳಿದ ದುಡ್ಡು ಅಂತ ಎಲ್ಲೈತಪ್ಪ ಇದ್ರಲ್ಲಿ? ನೀನು ಬಾಯಲ್ಲಿ ಹೇಳೋದು ನಂಬೋದಾ, ಮೊಹರು ಬಿದ್ದಿರೋದು ನಂಬೋದಾ? ಆರುನೂರು ಸಂಬಳದೋನು ಎರಡು ಸಾವಿರದ ಮೇಲೆ ದೇಣಿಗೆ ಕೊಟ್ಟವ್ನೆ. ಅದೂ ಕಾರ್ಯದರ್ಶಿ ಅಂತ ಬರ್ಸಿ."

ಸಾಲಿನ ಮುಂದಿದ್ದ ಮುದುಕಿ ಲಕ್ಕಮ್ಮ ಹಾಲಿನ ಚೊಂಬನ್ನು ಕೆಳಗಿಟ್ಟಳು.

"ಅದಕ್ಕಾ ನನ್ ಹಾಲಿಗೆ ದಿನಾ ಡಿಗ್ರಿ ಕಮ್ಮಿ ಅಂತ ದುಡ್ಡು ಹಿಡ್ಕೊಳ್ತಿದ್ದಿದ್ದು?"

ಹಾಗೆ ನೋಡಿದರೆ, ಹಾಲಿನ ಗಟ್ಟಿತನ ಅಳೆಯುವ ಕಡ್ಡಿಯಲ್ಲಿ ಎಲ್ಲರಿಗೂ ಒಂದಲ್ಲ ಒಂದು ದಿನ ಡಿಗ್ರಿ ಕಮ್ಮಿ ಬಂದಿತ್ತು. ನೀರು ಬೆರೆಸಿದವರಿಗೇ ಹೆಚ್ಚು ಸಿಟ್ಟು ಬಂತು. ಹನ್ನೊಂದು ವರ್ಷದ ಹಾಲೆಲ್ಲ ಅರ್ಧ ಗಂಟೆಯಲ್ಲಿ ವೆಂಕಟರಾಮಪ್ಪನ ತಲೆಯ ಮೇಲೆ ಸುರಿಯಿತು. ಸಾಲಿನಲ್ಲೇ ನಿಂತಿದ್ದ ಮುತ್ಯಾಲಮ್ಮ ತನ್ನ ಚೊಂಬನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಗಂಡನ ಕಡೆ ಒಮ್ಮೆಯೂ ನೋಡದೆ ಮನೆಗೆ ನಡೆದಳು.

"ಇನ್ನು ನಾಳೆ ಸಭೆವರ್ಗೂ ಯಾಕೆ ಕಾಯೋದು," ಎಂದು ಗಂಗಣ್ಣ ಅಂಗೈ ಚಾಚಿದ. ಸಾಲೆಲ್ಲ ಹೂಂಗುಟ್ಟಿತು. ವೆಂಕಟರಾಮಪ್ಪ ಉಡಿದಾರದಿಂದ ಬೀಗದ ಕೈ ಬಿಚ್ಚಿ ಕೊಟ್ಟ. ಹನ್ನೊಂದು ವರ್ಷದಲ್ಲಿ ಅವನ ಸೊಂಟ ಹೀಗೆ ಹಗುರಾಗಿರಲಿಲ್ಲ.

ಗಂಗಣ್ಣ ಅದನ್ನು ಪಕ್ಕದಲ್ಲೇ ನಿಂತಿದ್ದ ಅಳಿಯನ ಕೈಗೆ ದಾಟಿಸಿ, ತುಂಬ ಮರ್ಯಾದೆಯಿಂದ ಕೇಳಿದ.

"ಬೀಗದ ಕೈ ಇಸ್ಕೊಂಡಿದ್ದಕ್ಕೆ ರಸೀದಿ ಬೇಕೇನಪ್ಪಾ?"

ವೆಂಕಟರಾಮಪ್ಪ ಜೀವಮಾನದಲ್ಲಿ ಮೊದಲ ಸಲ ಬೇಡವೆಂದ.